ಪ್ರಾರ್ಥನೆಯೂ ಬಡತನವೂ: ಅಸ್ಸೀಸಿಯ ಸಂತ ಫ್ರಾನ್ಸಿಸರು ಹಾಕಿಕೊಟ್ಟ ದಾರಿ

(ಶಾಲೆಯ ವಾರ್ಷಿಕೋತ್ಸವದಂದು ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಉದ್ದೇಶಿಸಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಳೆದ ವರ್ಷ ನಮ್ಮ ಮಕ್ಕಳು ಕಾಸರಗೋಡಿನಿಂದ ಮಂಗಳೂರಿಗೆ ಪ್ರವಾಸ ಹೊರಟ ದಿನ ರೈಲಿನಲ್ಲಿ ನಮ್ಮ ಎದುರಿಗೆ ಒಬ್ಬ ಕ್ರೈಸ್ತ ಸಂನ್ಯಾಸಿಗಳು ಕುಳಿತಿದ್ದರು. ಕಂದು ಬಣ್ಣದ ಒರಟು ನಿಲುವಂಗಿ, ಬೆನ್ನಿನ ಮೇಲೆ ಇಳಿಬಿದ್ದ ಕುಲಾವಿ, ಕಾಲಿಗೆ ಸಾದಾ ಚಪ್ಪಲಿ, ಸೊಂಟಕ್ಕೆ ಒಂದು ಬಿಳಿಯ ಹಗ್ಗ. ಆ ಹಗ್ಗದ ಇಳಿಬಿದ್ದ ತುದಿಯಲ್ಲಿ ಮೂರು ಗಂಟುಗಳು. ಏಳನೆಯ ತರಗತಿಯ ಹುಡುಗನೊಬ್ಬನು ಬಹಳ ಹೊತ್ತು ಆ ಹಗ್ಗವನ್ನೇ ನೋಡುತ್ತಿದ್ದು, ಕೊನೆಗೆ ನನ್ನ ಬಳಿಗೆ ಬಂದು, "ಮಾಷ್ಟ್ರೇ, ಅವರಿಗೆ ಬೆಲ್ಟು ತೆಗೆದುಕೊಳ್ಳಲು ಹಣವಿಲ್ಲವೇ?" ಎಂದು ಕೇಳಿದನು. ಮೆಲ್ಲಗೆ ಕೇಳಿದೆನೆಂದು ಅವನ ಎಣಿಕೆ. ಆದರೆ ಸಂನ್ಯಾಸಿಗಳಿಗೆ ಅದು ಕೇಳಿಸಿತು. ಅವರು ನಕ್ಕು, "ಹಣವಿಲ್ಲ ಮಗೂ. ಬೇಡವೆಂದೇ ಇಲ್ಲ" ಎಂದರು. ರೈಲು ನೇತ್ರಾವತಿಯ ಸೇತುವೆಯನ್ನು ದಾಟಿ ನಿಲ್ದಾಣ ಸೇರಿದಾಗ ಅವರು ತಮ್ಮ ಚಿಕ್ಕ ಚೀಲವನ್ನೆತ್ತಿಕೊಂಡು ನಮಗೆ ವಂದಿಸಿ ಇಳಿದು ಹೋದರು. ಅದೇ ನದಿಯ ದಂಡೆಯ ಫರಂಗಿಪೇಟೆಯಲ್ಲಿ ಅವರ ಮಠವಿದೆ. ಅವರು ಕಪುಚಿನ್ ಸಭೆಗೆ ಸೇರಿದವರು. ಅಸ್ಸೀಸಿಯ ಸಂತ ಫ್ರಾನ್ಸಿಸರ ಪರಂಪರೆಯವರು.

"ಬೇಡವೆಂದೇ ಇಲ್ಲ" ಎಂಬ ಆ ಎರಡು ಮಾತುಗಳು ಅಂದಿನಿಂದ ನನ್ನ ಮನಸ್ಸನ್ನು ಬಿಟ್ಟಿಲ್ಲ. ನಮ್ಮ ಶಾಲೆಯಲ್ಲಿ ಬೇಕಾದರೂ ಇಲ್ಲದ ಮಕ್ಕಳು ಅನೇಕರಿದ್ದಾರೆ. ಬೇಡವೆಂದು ಇಲ್ಲದವರಾಗುವುದೆಂದರೆ ಏನು? ಅದರಿಂದ ನಮಗೇನು? ನಾನು ಕ್ರೈಸ್ತ ಮತದವನಲ್ಲ. ಆದರೂ ಸತ್ಪುರುಷರ ಬಾಳು ಎಲ್ಲರಿಗೂ ಸೇರಿದ ಸೊತ್ತೆಂದು ನಂಬಿ, ಈ ಹೊತ್ತು ಆ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಲು ನಿಮ್ಮ ಅಪ್ಪಣೆಯನ್ನು ಬೇಡುತ್ತೇನೆ.

ಇಟಲಿ ದೇಶದ ನಡುಭಾಗದಲ್ಲಿ ಉಂಬ್ರಿಯಾ ಎಂಬ ಗುಡ್ಡಗಳ ಪ್ರಾಂತವಿದೆ. ಅಲ್ಲಿ ಸುಬಾಸಿಯೋ ಬೆಟ್ಟದ ಇಳಿಜಾರಿನಲ್ಲಿ ಅಸ್ಸೀಸಿ ಎಂಬ ಪುಟ್ಟ ಪಟ್ಟಣ. 1181ರಲ್ಲಿಯೋ 1182ರಲ್ಲಿಯೋ ಫ್ರಾನ್ಸಿಸರು ಅಲ್ಲಿ ಹುಟ್ಟಿದರು. ತಂದೆ ಪಿಯೆತ್ರೋ ಬೆರ್ನಾರ್ದೋನೆ ಸಿರಿವಂತನಾದ ಜವಳಿ ವ್ಯಾಪಾರಿ. ಮಗನು ಒಳ್ಳೆಯ ಉಡುಪು, ಹಾಡು, ಗೆಳೆಯರ ಔತಣಗಳಲ್ಲಿ ಮುಳುಗಿದ್ದನು. ವೀರನೆನಿಸಿಕೊಳ್ಳಬೇಕೆಂಬುದೇ ಅವನ ಹಂಬಲ. 1202ರಲ್ಲಿ ಅಸ್ಸೀಸಿಗೂ ನೆರೆಯ ಪೆರೂಜಿಯಾಕ್ಕೂ ಯುದ್ಧವಾಯಿತು. ಯುದ್ಧಕ್ಕೆ ಹೋದ ತರುಣನು ಸೆರೆಸಿಕ್ಕಿ ಸುಮಾರು ಒಂದು ವರ್ಷ ಬಂದೀಖಾನೆಯಲ್ಲಿ ಕಳೆದು, ಬಿಡುಗಡೆಯಾದ ಬಳಿಕ ಬಹಳ ದಿನ ಕಾಯಿಲೆ ಮಲಗಿದನು. ಅಲ್ಲಿಂದ ಅವನ ಮನಸ್ಸು ತಿರುಗತೊಡಗಿತು.

ಆ ಕಾಲದಲ್ಲಿ ಕುಷ್ಠರೋಗಿಗಳನ್ನು ಊರ ಹೊರಗೆ ಇರಿಸುತ್ತಿದ್ದರು. ಫ್ರಾನ್ಸಿಸರಿಗೆ ಅವರನ್ನು ಕಂಡರೆ ಸಹಿಸಲಾಗದಷ್ಟು ಹೇಸಿಗೆ. ದೇವರೇ ತನ್ನನ್ನು ಅವರ ನಡುವೆ ಕರೆದೊಯ್ದನೆಂದೂ, ಅವರಿಗೆ ಕರುಣೆ ತೋರಿದ ಮೇಲೆ ತನ್ನ ರುಚಿಯೇ ಬದಲಾಯಿತೆಂದೂ ಅವರು ಸಾಯುವ ವರ್ಷದಲ್ಲಿ ಬರೆಯಿಸಿದ ತಮ್ಮ ಅಂತಿಮ ಶಾಸನದಲ್ಲಿ ಹೇಳಿದ್ದಾರೆ. ತಮ್ಮ ಜೀವನದ ತಿರುವನ್ನು ಅವರು ಗುರುತಿಸಿದುದು ಯಾವುದೇ ಗ್ರಂಥದ ಓದಿನಲ್ಲಿ ಅಲ್ಲ, ಒಬ್ಬ ರೋಗಿಯ ಮುಂದೆ ನಿಂತ ಗಳಿಗೆಯಲ್ಲಿ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಹಾಳುಬಿದ್ದ ಸಂತ ದಾಮಿಯಾನೋ ಇಗರ್ಜಿಯನ್ನು ದುರಸ್ತಿ ಮಾಡಲೆಂದು ಮಗನು ಅಂಗಡಿಯ ಬಟ್ಟೆಯನ್ನು ಮಾರಿಬಿಟ್ಟನು. ತಂದೆ ಕೋಪಗೊಂಡು ಬಿಷಪ್ಪರ ಬಳಿ ದೂರಿಟ್ಟನು. 1206ರಲ್ಲಿ, ಊರ ಜನರ ಎದುರಿನಲ್ಲಿ, ಮಗನು ಹಣವನ್ನು ಮಾತ್ರವಲ್ಲ, ಉಟ್ಟ ಬಟ್ಟೆಯನ್ನೂ ಕಳಚಿ ತಂದೆಗೆ ಒಪ್ಪಿಸಿ, ಇನ್ನು ತನಗೆ ಪರಲೋಕದ ತಂದೆಯೊಬ್ಬನೇ ತಂದೆಯೆಂದು ಸಾರಿದನು. ಬಿಷಪ್ಪರು ತಮ್ಮ ಮೇಲುಹೊದಿಕೆಯಿಂದ ಅವನನ್ನು ಮುಚ್ಚಿದರು. ತಂದೆತಾಯಿಗಳಾದ ನಿಮಗೆ ಈ ಕಥೆ ಹಿತವಾಗದೆ ಇರಬಹುದು. ಎರಡು ಮಕ್ಕಳ ತಂದೆಯಾದ ನನಗೂ ಪಿಯೆತ್ರೋನ ಸಂಕಟ ಅರ್ಥವಾಗುತ್ತದೆ. ಆದರೆ ಆ ಮಗನು ತಂದೆಯ ಸೊತ್ತಿನಲ್ಲಿ ಒಂದು ನೂಲನ್ನೂ ಇಟ್ಟುಕೊಳ್ಳಲಿಲ್ಲವೆಂಬುದನ್ನೂ ಮರೆಯುವಂತಿಲ್ಲ.

ಕೆಲವೇ ವರ್ಷಗಳಲ್ಲಿ ಸಂಗಡಿಗರು ಕೂಡಿಕೊಂಡರು. 1209ರಲ್ಲಿ ಅವರ ಚಿಕ್ಕ ಗುಂಪು ರೋಮಿಗೆ ಹೋಗಿ ಮೂರನೆಯ ಇನ್ನೊಸೆಂಟ್ ಪೋಪರಿಂದ ಬಾಯಿಮಾತಿನ ಅನುಮತಿಯನ್ನು ಪಡೆಯಿತು. ತಮ್ಮನ್ನು ಅವರು 'ಕಿರಿಯ ಸೋದರರು' ಎಂದು ಕರೆದುಕೊಂಡರು. ಎಲ್ಲರಿಗಿಂತಲೂ ಕೆಳಗಿನವರು ಎಂದು ಅದರ ಅರ್ಥ. 1223ರ ನವೆಂಬರ್ 29ರಂದು ಮೂರನೆಯ ಹೊನೋರಿಯಸ್ ಪೋಪರು ಅವರ ನಿಯಮಾವಳಿಯನ್ನು ಸ್ಥಿರಪಡಿಸಿದರು. ಹನ್ನೆರಡೇ ಚಿಕ್ಕ ಅಧ್ಯಾಯಗಳ ಆ ಪುಸ್ತಕದಲ್ಲಿ ನಮ್ಮ ಇಂದಿನ ವಿಷಯದ ಸಾರವೆಲ್ಲವೂ ಇದೆ.

ಮೊದಲು ಬಡತನದ ಮಾತು. ಸೋದರರು ಹಣವನ್ನು ಮುಟ್ಟಬಾರದು. ಮನೆಯಾಗಲಿ ಸ್ಥಳವಾಗಲಿ ಯಾವ ವಸ್ತುವಾಗಲಿ ತಮ್ಮದೆಂದುಕೊಳ್ಳಬಾರದು. ಲೋಕದಲ್ಲಿ ದಾರಿಹೋಕರಂತೆ ಇರಬೇಕು. ಕೆಲಸ ಬಲ್ಲವರು ನಿಷ್ಠೆಯಿಂದ ಕೆಲಸ ಮಾಡಿ, ಕೂಲಿಯಾಗಿ ಹಣವನ್ನಲ್ಲ, ದೇಹಕ್ಕೆ ಅವಶ್ಯವಾದುದನ್ನು ಮಾತ್ರ ಸ್ವೀಕರಿಸಬೇಕು. ಭಿಕ್ಷೆಗೆ ಹೋಗಲು ನಾಚಬಾರದು. ಹಾಗೆಂದು ಇದು ಕಟುಕತನವೂ ಅಲ್ಲ. ರೋಗಿಗಳ ಅಗತ್ಯಕ್ಕೂ ಚಳಿಗೆ ತಕ್ಕ ಬಟ್ಟೆಗೂ ಹಿರಿಯರು ಹಿತೈಷಿಗಳ ಮೂಲಕ ಏರ್ಪಾಡು ಮಾಡಬೇಕೆಂದು ಅದೇ ನಿಯಮ ಹೇಳುತ್ತದೆ.

ಸೊತ್ತು ಏಕೆ ಬೇಡ? ಸೊತ್ತಿದ್ದರೆ ಅದನ್ನು ಕಾಯಲು ಆಯುಧ ಬೇಕಾಗುತ್ತದೆ, ಅದರಿಂದ ವ್ಯಾಜ್ಯವೂ ಜಗಳವೂ ಹುಟ್ಟಿ ದೇವರನ್ನೂ ನೆರೆಯವರನ್ನೂ ಪ್ರೀತಿಸಲಾಗದು ಎಂಬ ಅರ್ಥದಲ್ಲಿ ಫ್ರಾನ್ಸಿಸರು ಬಿಷಪ್ಪರಿಗೆ ಉತ್ತರಕೊಟ್ಟರೆಂದು ಅವರ ಸಂಗಡಿಗರ ಹೆಸರಿನಲ್ಲಿ ಬಂದಿರುವ ಹಳೆಯ ಚರಿತ್ರೆ ತಿಳಿಸುತ್ತದೆ. ಅವರು ವಾಸಿಸುತ್ತಿದ್ದ ಪೋರ್ಸಿಯುಂಕುಲಾ ಎಂಬ ಸಣ್ಣ ಇಗರ್ಜಿ ಬೆನೆಡಿಕ್ಟರ ಸಭೆಯ ಸಂನ್ಯಾಸಿಗಳಿಗೆ ಸೇರಿತ್ತು. ಅದನ್ನು ಉಚಿತವಾಗಿ ಕೊಟ್ಟರೂ ಫ್ರಾನ್ಸಿಸರು ವರ್ಷಕ್ಕೊಮ್ಮೆ ಒಂದು ಬುಟ್ಟಿ ಮೀನನ್ನು ಗೇಣಿಯೆಂದು ಕಳುಹಿಸುತ್ತಿದ್ದರಂತೆ. ಗೇಣಿಯ ವಿಚಾರ ನಮ್ಮ ಹಿರಿಯರಿಗೆ ಹೊಸದಲ್ಲ. ಗೇಣಿ ಕೊಡುವವನು ಒಡೆಯನಲ್ಲ. ತಾವು ಒಡೆಯರಲ್ಲವೆಂಬ ನೆನಪು ಪ್ರತಿ ವರ್ಷವೂ ಹೊಸದಾಗಬೇಕೆಂದೇ ಆ ಮೀನಿನ ಬುಟ್ಟಿ.

ಇನ್ನು ಪ್ರಾರ್ಥನೆ. ನಿಯಮದಲ್ಲಿ ಕೆಲಸವನ್ನು ವಿಧಿಸಿದ ಕಡೆಯಲ್ಲಿಯೇ ಒಂದು ಎಚ್ಚರಿಕೆಯಿದೆ: ಆ ಕೆಲಸದಿಂದ ಪ್ರಾರ್ಥನೆಯ ಚೈತನ್ಯ ಆರಿಹೋಗಬಾರದು. ನಮ್ಮಂತಹ ಅಧ್ಯಾಪಕರಿಗೆ ಇದೇ ಎಚ್ಚರಿಕೆ ಇನ್ನೊಂದು ಕಡೆಯೂ ಬರುತ್ತದೆ. ಸಭೆಯ ಸೋದರರಿಗೆ ಶಾಸ್ತ್ರಪಾಠ ಹೇಳಲು ಪಾದುವಾದ ಸಂತ ಅಂತೋಣಿಯವರಿಗೆ ಫ್ರಾನ್ಸಿಸರು ಅನುಮತಿ ಕೊಟ್ಟ ಪತ್ರ ಕೆಲವೇ ಸಾಲುಗಳದು. ಪಾಠ ಹೇಳಿರಿ, ಆದರೆ ಆ ಓದಿನಿಂದ ಪ್ರಾರ್ಥನೆಯ ಚೈತನ್ಯ ನಂದದಿರಲಿ ಎಂಬುದಷ್ಟೇ ಅದರ ತಾತ್ಪರ್ಯ. ಓದು ಬೇಡವೆಂದು ಅವರು ಹೇಳಲಿಲ್ಲ. ಓದಿನಿಂದ ಅಹಂಕಾರ ಬೆಳೆದು ಒಳಗಿನ ದೀಪ ಆರಬಾರದೆಂದರು.

ಏಕಾಂತದಲ್ಲಿ ಪ್ರಾರ್ಥನೆ ಮಾಡಬಯಸುವ ಸೋದರರಿಗೆ ಅವರು ಬರೆದ ಇನ್ನೊಂದು ಚಿಕ್ಕ ನಿಯಮ ನನಗೆ ಬಹಳ ಪ್ರಿಯವಾದುದು. ಮೂವರು, ಹೆಚ್ಚೆಂದರೆ ನಾಲ್ವರು, ಒಂದು ಆಶ್ರಮದಲ್ಲಿರಬೇಕು. ಇಬ್ಬರು ತಾಯಂದಿರಾಗಬೇಕು, ಉಳಿದವರು ಮಕ್ಕಳಾಗಬೇಕು. ತಾಯಂದಿರಾದವರು ದುಡಿದು, ಮಕ್ಕಳ ಏಕಾಂತಕ್ಕೆ ಹೊರಗಿನವರಿಂದ ಭಂಗ ಬಾರದಂತೆ ನೋಡಿಕೊಳ್ಳಬೇಕು. ಮಕ್ಕಳಾದವರು ಪ್ರಾರ್ಥನೆಯಲ್ಲಿ ತೊಡಗಬೇಕು. ಕೆಲವು ಕಾಲದ ಮೇಲೆ ಮಕ್ಕಳು ತಾಯಂದಿರ ಕೆಲಸವನ್ನು ವಹಿಸಿಕೊಳ್ಳಬೇಕು. ಒಬ್ಬನ ಪ್ರಾರ್ಥನೆಯ ಹಿಂದೆ ಇನ್ನೊಬ್ಬನ ದುಡಿಮೆಯಿದೆ ಎಂಬುದನ್ನು ಇಷ್ಟು ಸರಳವಾಗಿ ಹೇಳಿದವರು ವಿರಳ. ವಿದ್ಯಾರ್ಥಿಗಳೇ, ನೀವು ದೀಪದ ಮುಂದೆ ಕುಳಿತು ಓದುವಾಗ ಅಡಿಗೆಮನೆಯಲ್ಲಿ ಯಾರು ದುಡಿಯುತ್ತಿದ್ದಾರೆ ಎಂಬುದನ್ನು ಒಮ್ಮೆ ನೆನೆಯಿರಿ. ಅವರ ಸರದಿ ಎಂದು ಮುಗಿಯುವುದು, ನಿಮ್ಮ ಸರದಿ ಎಂದು ಬರುವುದು ಎಂಬುದನ್ನೂ ನೆನೆಯಿರಿ.

ಪ್ರಾರ್ಥನೆಯ ಭಾಷೆಯ ವಿಷಯವಾಗಿಯೂ ಒಂದು ಮಾತು. ಇಗರ್ಜಿಗಳಲ್ಲಿ ಆಗ ಲ್ಯಾಟಿನ್ ಭಾಷೆಯೇ ನಡೆಯುತ್ತಿತ್ತು. ಫ್ರಾನ್ಸಿಸರು ಕೊನೆಗಾಲದಲ್ಲಿ ಕಣ್ಣು ಕಾಣದೆ, ನೋವಿನಲ್ಲಿ ಮಲಗಿದ್ದಾಗ ಸೂರ್ಯ, ಚಂದ್ರ, ನೀರು, ಬೆಂಕಿಗಳನ್ನು ಸೋದರ ಸೋದರಿಯರೆಂದು ಕರೆದು ದೇವರನ್ನು ಸ್ತುತಿಸಿದ ಗೀತವನ್ನು ತಮ್ಮ ಊರಿನ ಆಡುಮಾತಿನಲ್ಲಿ ಕಟ್ಟಿದರು. ಇಟಲಿಯ ಸಾಹಿತ್ಯದ ಮೊದಮೊದಲ ಕವಿತೆಗಳಲ್ಲಿ ಅದೂ ಒಂದೆಂದು ವಿದ್ವಾಂಸರು ಎಣಿಸುತ್ತಾರೆ. ಗಡಿಯಾಚೆಯ ನಾಡಿನಲ್ಲಿ ಕನ್ನಡದಲ್ಲಿ ಓದುವ ನಾವು, ನಮ್ಮ ಮನೆಮಾತು ದೇವರ ಮುಂದೆಯೂ ಸಣ್ಣದಲ್ಲವೆಂದು ಇದರಿಂದ ಧೈರ್ಯ ತಾಳಬಹುದು.

ಹೀಗೆ ಬಡತನ ಬೇರೆ, ಪ್ರಾರ್ಥನೆ ಬೇರೆ ಎಂದು ವಿಂಗಡಿಸಿ ಹೇಳಿದೆನಾದರೂ ಅವರ ಬಾಳಿನಲ್ಲಿ ಇವು ಎರಡಾಗಿರಲಿಲ್ಲ. ಆರಂಭಕಾಲದ ಚರಿತ್ರೆಗಳಲ್ಲಿ ಬರುವ ಎರಡು ಪ್ರಸಂಗಗಳನ್ನು ಹೇಳುತ್ತೇನೆ.

ಇಬ್ಬರು ಸೋದರರ ಮುದಿ ತಾಯಿಯೊಬ್ಬಳು ಸಹಾಯ ಬೇಡಿ ಬಂದಳು. ಕೊಡಲು ಮನೆಯಲ್ಲಿ ಏನೂ ಇರಲಿಲ್ಲ. ಬೆಳಗಿನ ಜಾವದ ಪ್ರಾರ್ಥನೆಯಲ್ಲಿ ಓದುತ್ತಿದ್ದ ಹೊಸ ಒಡಂಬಡಿಕೆಯ ಒಂದೇ ಪ್ರತಿಯಿತ್ತು. ಕೈಬರಹದ ಆ ಕಾಲದಲ್ಲಿ ಪುಸ್ತಕವೆಂದರೆ ಬಹಳ ಬೆಲೆ. ಫ್ರಾನ್ಸಿಸರು ಅದನ್ನೇ ಅವಳಿಗೆ ಕೊಡಿಸಿದರು. ಮಾರಿ ತನ್ನ ಕಷ್ಟ ತೀರಿಸಿಕೊಳ್ಳಲಿ, ನಾವು ಅದನ್ನು ಓದುವುದಕ್ಕಿಂತ ಇದು ದೇವರಿಗೆ ಹೆಚ್ಚು ಮೆಚ್ಚುಗೆ ಎಂದು ಅವರ ಭಾವನೆ. ಆ ಪುಸ್ತಕ ಬಡವರಿಗೆ ಕೊಡಿರೆಂದೇ ಹೇಳುತ್ತಿತ್ತಷ್ಟೆ!

ಎರಡನೆಯದು: ಒಂದು ರಾತ್ರಿ ಎಲ್ಲರೂ ಮಲಗಿದ್ದಾಗ ಒಬ್ಬ ಸೋದರನು ಹಸಿವಿನಿಂದ ಸಾಯುತ್ತಿದ್ದೇನೆಂದು ಕೂಗಿಕೊಂಡನು. ಅತಿಯಾದ ಉಪವಾಸ ಅವನನ್ನು ಬಳಲಿಸಿತ್ತು. ಫ್ರಾನ್ಸಿಸರು ಎದ್ದು ದೀಪ ಹಚ್ಚಿಸಿ ಊಟಕ್ಕೆ ಸಿದ್ಧಪಡಿಸಿದರು. ಆದರೆ ಅವನೊಬ್ಬನಿಗೇ ಬಡಿಸಲಿಲ್ಲ. ಅವನು ನಾಚಿಕೊಂಡಾನೆಂದು ತಾವೂ ಉಂಡು, ಉಳಿದವರನ್ನೂ ಎಬ್ಬಿಸಿ ಅವನೊಡನೆ ಉಣ್ಣಿಸಿದರು. ಹಸಿವೆಯನ್ನು ನೀಗಿಸುವುದು ಸುಲಭ. ನಾಚಿಕೆಯನ್ನೂ ಅದರೊಡನೆ ನೀಗಿಸಿದುದೇ ಅವರ ದೊಡ್ಡತನ.

ಈ ಪ್ರಸಂಗವನ್ನು ಓದಿದಾಗ ನನ್ನ ತಲೆ ತಗ್ಗಿತು. ಏಕೆಂದು ಈ ಸಭೆಯಲ್ಲಿ ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದೆ ನಾನು ಬೇರೊಂದು ಶಾಲೆಯಲ್ಲಿ ಅಧ್ಯಾಪಕನಾಗಿದ್ದೆ. ಮಳೆಗಾಲದ ಮೊದಲಲ್ಲಿ ದಾನಿಗಳು ಕೊಟ್ಟ ಕೊಡೆಗಳನ್ನೂ ಪುಸ್ತಕಗಳನ್ನೂ ಹಂಚುವ ಏರ್ಪಾಡು ನನ್ನದಾಗಿತ್ತು. ವೇದಿಕೆ ಕಟ್ಟಿಸಿ, ದಾನಿಗಳನ್ನು ಕೂರಿಸಿ, 'ಬಡ ವಿದ್ಯಾರ್ಥಿಗಳು' ಎಂಬ ಪಟ್ಟಿಯನ್ನು ನಾನೇ ಗಟ್ಟಿಯಾಗಿ ಓದಿದೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ತೆಗೆದುಕೊಂಡರು. ಒಬ್ಬ ಹುಡುಗನು ಮಾತ್ರ ಹೆಸರು ಕರೆದರೂ ಏಳಲಿಲ್ಲ. ಮರುದಿನದಿಂದ ಶಾಲೆಗೂ ಬರಲಿಲ್ಲ. ನಾನು ಕೊಡೆಯನ್ನು ಹಿಡಿದುಕೊಂಡು ಅವನ ಮನೆಗೆ ಹೋದೆ. ಜಗಲಿಯಲ್ಲಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಅವನ ಅಜ್ಜಿ ತಲೆಯೆತ್ತದೆ, "ಕೊಡೆ ಬೇಕಿತ್ತು ಮಾಷ್ಟ್ರೇ. ಹೆಸರು ಕರೆಯುವುದು ಬೇಕಿರಲಿಲ್ಲ" ಎಂದರು. ಎರಡು ವಾರ ಕಳೆದು ಹುಡುಗನು ಶಾಲೆಗೆ ಬಂದನು. ಆದರೆ ಆ ಮಳೆಗಾಲವಿಡೀ ಆ ಕೊಡೆಯನ್ನು ಅವನು ಬಿಚ್ಚಲಿಲ್ಲ. ನೆನೆದುಕೊಂಡೇ ಬಂದು ಒದ್ದೆ ಅಂಗಿಯಲ್ಲಿಯೇ ಕುಳಿತು ಪಾಠ ಕೇಳಿದನು. ನಾನು ಕೊಟ್ಟುದು ಕೊಡೆಯೆಂದು ತಿಳಿದಿದ್ದೆ. ಅವನಿಗೆ ತಲುಪಿದುದು ಅವಮಾನವಾಗಿತ್ತು.

ನಮ್ಮ ಮನೆಗಳ ಬಡತನವನ್ನು ನಾನು ಹೊಗಳಲಾರೆ. ಬಾರದ ಕೂಲಿ, ಸೋರುವ ಮಾಡು, ಔಷಧಕ್ಕಿಲ್ಲದ ಹಣ ಇವು ಯಾರೂ ಆರಿಸಿಕೊಂಡ ವ್ರತಗಳಲ್ಲ. ಇವನ್ನು ನಿವಾರಿಸಲೆಂದೇ ವಿದ್ಯೆ, ಅದಕ್ಕೆಂದೇ ಈ ಸಂಘ. ಫ್ರಾನ್ಸಿಸರ ಬಡತನ ಇದ್ದವನು ತಾನಾಗಿ ಇಳಿದು ಬಂದು ಇಲ್ಲದವನ ಪಕ್ಕದಲ್ಲಿ ಕುಳಿತ ಬಡತನ. ಇಲ್ಲದವನಿಗೆ ಸಹನೆಯ ಉಪದೇಶ ಮಾಡಲು ಅವರ ಹೆಸರನ್ನು ಬಳಸಿದರೆ ಅದು ಅಪಚಾರ. ಅವರ ಮಾತು ಮೊದಲು ಸಲ್ಲುವುದು ಕೊಡುವ ಸ್ಥಾನದಲ್ಲಿರುವ ನಮಗೆ.

ಸ್ತ್ರೀಯರಲ್ಲಿ ಈ ಆದರ್ಶವನ್ನು ಕೊನೆಯವರೆಗೆ ಕಾಪಾಡಿದವರು ಸಂತ ಕ್ಲಾರಾ. ಅಸ್ಸೀಸಿಯ ಕುಲೀನ ಮನೆತನದ ಈ ಕನ್ಯೆ 1212ರಲ್ಲಿ ಮನೆಬಿಟ್ಟು ಬಂದು ಸಂತ ದಾಮಿಯಾನೋದಲ್ಲಿ ನೆಲೆಸಿದರು. ಬಹುಕಾಲ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರೂ, ಒರಗಿ ಕುಳಿತು ನೂಲು ತೆಗೆದು, ಬಡ ಇಗರ್ಜಿಗಳ ಪೂಜಾಪೀಠಗಳಿಗೆ ವಸ್ತ್ರಗಳನ್ನು ಮಾಡಿಸಿ ಕಳುಹಿಸುತ್ತಿದ್ದರು. ಬಡತನದ ವ್ರತದಿಂದ ಬಿಡುಗಡೆ ಕೊಡುತ್ತೇನೆಂದು ಸ್ವತಃ ಪೋಪರೇ ಹೇಳಿದರೂ ಅವರು ಒಪ್ಪಲಿಲ್ಲ. ಅವರು ಬರೆದ ನಿಯಮಕ್ಕೆ 1253ರ ಆಗಸ್ಟ್ 9ರಂದು ಒಪ್ಪಿಗೆ ದೊರೆಯಿತು. 11ರಂದು ಅವರು ತೀರಿಕೊಂಡರು.

ಆದರೆ ಆದರ್ಶವನ್ನು ಹಿಡಿದಿಡುವುದು ಎಷ್ಟು ಕಷ್ಟವೆಂಬುದಕ್ಕೂ ಇದೇ ಸಭೆಯ ಚರಿತ್ರೆ ಸಾಕ್ಷಿ. ಫ್ರಾನ್ಸಿಸರು 1226ರ ಅಕ್ಟೋಬರ್ 3ರ ಸಂಜೆ ಪೋರ್ಸಿಯುಂಕುಲಾದಲ್ಲಿ ಬರಿಯ ನೆಲದ ಮೇಲೆ ಮಲಗಿ ಪ್ರಾಣಬಿಟ್ಟರು. ಎರಡೇ ವರ್ಷಗಳಲ್ಲಿ, 1228ರಲ್ಲಿ, ಅವರ ಸಮಾಧಿಗಾಗಿ ಅಸ್ಸೀಸಿಯಲ್ಲಿ ಭವ್ಯವಾದ ದೇವಾಲಯಕ್ಕೆ ಅಡಿಗಲ್ಲು ಬಿತ್ತು. ಬಡತನದ ಅರ್ಥದ ಬಗ್ಗೆ ಸೋದರರಲ್ಲೇ ಭೇದ ಹುಟ್ಟಿತು. ಅಂಗಿ ಎಷ್ಟು ಗಿಡ್ಡವಾಗಿರಬೇಕು, ಧಾನ್ಯವನ್ನು ಕಣಜದಲ್ಲಿ ಕೂಡಿಡಬಹುದೇ ಎಂಬ ವಾದಗಳು ಬೆಳೆದು, 1318ರಲ್ಲಿ ಆಜ್ಞೆಗೆ ಮಣಿಯದ ನಾಲ್ವರು ಸೋದರರನ್ನು ಮಾರ್ಸೇಲ್ಸ್ ನಗರದಲ್ಲಿ ಸುಟ್ಟರು. 1517ರಲ್ಲಿ ಸಭೆ ಎರಡಾಯಿತು; 1528ರಲ್ಲಿ ಮತ್ತೆ ಮೂಲದ ಸರಳತೆಗೆ ಮರಳಬಯಸಿದ ಕಪುಚಿನರಿಗೆ ಪೋಪರ ಮನ್ನಣೆ ದೊರೆಯಿತು. ಬಡತನವನ್ನೇ ನಮ್ಮ ಸೊತ್ತೆಂದು ಹಿಡಿದು ಕಾದಾಡಿದರೆ ಅದೂ ಸೊತ್ತಾಗಿಬಿಡುತ್ತದೆ. ಪ್ರಾರ್ಥನೆ ಆರಿದ ಬಡತನ ಹಟವಾಗುತ್ತದೆ. ಬಡತನ ಮರೆತ ಪ್ರಾರ್ಥನೆ ಆಡಂಬರವಾಗುತ್ತದೆ. ಇಂದು ಅಸ್ಸೀಸಿಯ ಬಯಲಿಗೆ ಹೋದವರು, 1569ರಲ್ಲಿ ಕಟ್ಟಲಾರಂಭಿಸಿದ ಬೃಹತ್ ಇಗರ್ಜಿಯ ಒಳಗೆ, ಅದರ ಗುಮ್ಮಟದ ಕೆಳಗೆ, ಆ ಹಳೆಯ ಪೋರ್ಸಿಯುಂಕುಲಾ ಗುಬ್ಬಿಯ ಗೂಡಿನಂತೆ ನಿಂತಿರುವುದನ್ನು ನೋಡಬಹುದು. ದೊಡ್ಡದು ಚಿಕ್ಕದನ್ನು ಕಾಪಾಡುತ್ತಿದೆಯೋ, ಮುಚ್ಚಿಬಿಟ್ಟಿದೆಯೋ ಎಂಬುದನ್ನು ನೋಡುವವರೇ ಹೇಳಬೇಕು.

ನಮ್ಮ ಸಂಘಕ್ಕೂ ಈ ಪ್ರಶ್ನೆ ತಪ್ಪಿದ್ದಲ್ಲ. ಮುಷ್ಟಿ ಅಕ್ಕಿಯಂತೆ ಕೂಡಿಬಂದ ಕಾಸುಗಳಿಂದ ಬೆಳೆದ ಸಂಘವಿದು. ಕಟ್ಟಡ ಬೇಕು, ನಿಧಿ ಬೇಕು, ಲೆಕ್ಕಪತ್ರ ಬೇಕು. ಇವಿಲ್ಲದೆ ಶಾಲೆ ನಡೆಯದು. ಆದರೆ ನಾವು ಇದರ ಒಡೆಯರಲ್ಲ, ಗೇಣಿದಾರರು. ವರ್ಷಕ್ಕೊಮ್ಮೆ ನಮ್ಮ ಮೀನಿನ ಬುಟ್ಟಿಯನ್ನು ನಾವೂ ಒಪ್ಪಿಸಬೇಕು. ಆದುದರಿಂದ ಸಂಘದ ಮುಂದೆ ಒಂದು ಬಿನ್ನಹವನ್ನಿಡುತ್ತೇನೆ. ಬರುವ ಜೂನ್ ತಿಂಗಳಿನಿಂದ ಪುಸ್ತಕಗಳನ್ನಾಗಲಿ ಕೊಡೆಗಳನ್ನಾಗಲಿ ವೇದಿಕೆಯ ಮೇಲೆ ಹಂಚುವುದು ಬೇಡ. ಎಲ್ಲ ಮಕ್ಕಳೂ ಒಂದೇ ದಿನ, ಒಂದೇ ಕಪಾಟಿನಿಂದ, ಒಂದೇ ಬಗೆಯ ಹೊದಿಕೆ ಹಾಕಿದ ಪುಸ್ತಕಗಳನ್ನು ಪಡೆಯಲಿ. ಯಾರು ಕ್ರಯ ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಕಾರ್ಯದರ್ಶಿಗಳಿಗೂ ನನಗೂ ಮಾತ್ರ ತಿಳಿದಿರಲಿ. ದಾನಿಗಳ ಹೆಸರು ವರದಿಯಲ್ಲಿ ಅಚ್ಚಾಗಲಿ. ಪಡೆದವರ ಹೆಸರು ಎಲ್ಲಿಯೂ ಬೇಡ. ದಾನಿಗಳು ಇದರಿಂದ ಬೇಸರಪಡಲಾರರೆಂದು ನಂಬಿದ್ದೇನೆ.

ಪ್ರಿಯ ವಿದ್ಯಾರ್ಥಿಗಳೇ, ನಿಮಗೆ ಎರಡೇ ಮಾತು. ಪಡೆಯುವುದು ನಾಚಿಕೆಯಲ್ಲ, ಸಂತರೂ ಭಿಕ್ಷೆ ಬೇಡಿದರು. ಪಡೆದುದನ್ನು ಮರೆಯುವುದು ನಾಚಿಕೆ. ಮುಂದೆ ನಿಮ್ಮ ಕೈ ತುಂಬಿದಾಗ ಇನ್ನೊಬ್ಬನ ಪಕ್ಕದಲ್ಲಿ ಕುಳಿತು ಅವನೊಡನೆ ಉಣ್ಣಿರಿ. ಇನ್ನು ನಾಳೆಯಿಂದ ಬೆಳಗಿನ ಪ್ರಾರ್ಥನೆಯ ಕೊನೆಗೆ ಎರಡು ನಿಮಿಷ ಮೌನವಾಗಿ ನಿಲ್ಲೋಣ. ಯಾರು ಯಾವ ಹೆಸರಿನಿಂದ ದೇವರನ್ನು ನೆನೆಯುತ್ತೀರೋ ನೆನೆಯಿರಿ. ಪಕ್ಕದಲ್ಲಿ ನಿಂತವನ ಅಂಗಿ ಒದ್ದೆಯಾಗಿದೆಯೇ ಎಂದು ಒಮ್ಮೆ ನೋಡಿರಿ. ಆ ನೋಟವೂ ಪ್ರಾರ್ಥನೆಯ ಭಾಗವೇ ಎಂದು ನಾನು ತಿಳಿದಿದ್ದೇನೆ.